ಗೆಲ್ಲಿಸಿದವರ ತಪ್ಪನ್ನು ನಾವೇ ತಿದ್ದುವುದು ಹೇಗೆ?

ಚುನಾವಣೆ ಮುಗಿದು ಒಂದೆರಡು ವರ್ಷ ಆದ ಮೇಲೆ ಮಂಡ್ಯದ ಯಾವ ಟೀ ಅಂಗಡಿ ಮುಂದೆ ನಿಂತರೂ ಇದೇ ಮಾತು: "ಬಿಡಪ್ಪ, ಇನ್ನು ಐದು ವರ್ಷ ಮುಗಿಯೋವರೆಗೂ ಏನೂ ಮಾಡಕ್ಕಾಗಲ್ಲ." ಈ ಮಾತನ್ನು ನಾನು ಒಪ್ಪುವುದಿಲ್ಲ. ಮಧ್ಯದಲ್ಲೇ ತಿದ್ದಲು ದಾರಿಗಳಿವೆ, ಆದರೆ ಅವು ಬರೆದು ಕೇಳಿದವರಿಗೆ ಮಾತ್ರ ಸಿಗುತ್ತವೆ.

ಮೊದಲು ತಪ್ಪು ಯಾರದ್ದು ಅಂತ ಗೊತ್ತು ಮಾಡಿಕೊಳ್ಳಿ. ಚರಂಡಿ, ಬೀದಿ ದೀಪ, ಕುಡಿಯುವ ನೀರು ಗ್ರಾಮ ಪಂಚಾಯಿತಿಗೆ ಸೇರಿದ್ದು. ನಾಲೆ ಕಾವೇರಿ ನೀರಾವರಿ ನಿಗಮದ್ದು. ಪಹಣಿಯಲ್ಲಿ ಹೆಸರು ತಪ್ಪಾಗಿದ್ದರೆ ತಾಲ್ಲೂಕು ಕಚೇರಿ. ಎಲ್ಲಕ್ಕೂ ಎಂಎಲ್‌ಎ ಮನೆ ಮುಂದೆ ನಿಂತರೆ ನಿಜವಾಗಿ ಉತ್ತರ ಕೊಡಬೇಕಾದವನು ಆರಾಮಾಗಿ ತಪ್ಪಿಸಿಕೊಳ್ಳುತ್ತಾನೆ.

ಆಮೇಲೆ ಮಾಹಿತಿ ಹಕ್ಕಿನ ಅರ್ಜಿ. 2005ರ ಈ ಕಾಯ್ದೆ ಬಗ್ಗೆ ಎಲ್ಲರಿಗೂ ಗೊತ್ತು, ಆದರೆ ಅರ್ಜಿ ಬರೆಯುವಾಗ ಎಡವುವವರೇ ಜಾಸ್ತಿ. "ನಮ್ಮೂರ ಚರಂಡಿ ಯಾಕಿಷ್ಟು ಕಳಪೆ?" ಅಂತ ಕೇಳಿದರೆ ಏನೂ ಬರುವುದಿಲ್ಲ, ಯಾಕೆಂದರೆ ಕಚೇರಿಯಲ್ಲಿ ಇರುವ ದಾಖಲೆಯನ್ನಷ್ಟೇ ಅವರು ಕೊಡಬೇಕು, ಕಾರಣ ವಿವರಿಸಬೇಕಾಗಿಲ್ಲ. ಹಾಗಾಗಿ ದಾಖಲೆಯ ಹೆಸರು ಹಿಡಿದು ಕೇಳಿ: ಇಂಥ ಬೀದಿಯ ಚರಂಡಿ ಕಾಮಗಾರಿಯ ಎಸ್ಟಿಮೇಟ್, ಎಷ್ಟು ಕೆಲಸ ಆಗಿದೆ ಅಂತ ಎಂಜಿನಿಯರ್ ಬರೆದಿಡುವ ಅಳತೆ ಪುಸ್ತಕದ ಪುಟಗಳು, ಗುತ್ತಿಗೆದಾರರಿಗೆ ಕೊಟ್ಟ ಬಿಲ್ಲಿನ ನಕಲು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತದೆ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಸ್ವೀಕೃತಿ ಇಲ್ಲದೆ ಕಚೇರಿಯಿಂದ ಹೊರಗೆ ಬರಬೇಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿ ಇಲ್ಲದಿದ್ದರೆ, ಮುಂದಿನ 30 ದಿನದೊಳಗೆ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಆಯೋಗದಲ್ಲಿ ತಡ ಆಗುತ್ತದೆ, ನಿಜ. ಆದರೂ ಹಾಕಿ.

ಕೈಗೆ ಬಂದ ಕಾಗದವನ್ನು ಗ್ರಾಮಸಭೆಗೆ ತೆಗೆದುಕೊಂಡು ಹೋಗಿ. ಆರು ತಿಂಗಳಿಗೊಮ್ಮೆಯಾದರೂ ಈ ಸಭೆ ನಡೆಯಲೇಬೇಕು ಅಂತ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಒಬ್ಬರೇ ಹೋಗಬೇಡಿ, ಬೀದಿಯವರನ್ನು, ಸ್ವಸಹಾಯ ಸಂಘದ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ. ಕೂಗಾಡುವ ಬದಲು, ನಿಮ್ಮ ಪ್ರಶ್ನೆ ಮತ್ತು ಅದಕ್ಕೆ ಬಂದ ಉತ್ತರ ಎರಡನ್ನೂ ನಡಾವಳಿ ಪುಸ್ತಕದಲ್ಲಿ ಬರೆಸಿ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಬರೆದದ್ದನ್ನು ಸಭೆ ಮುಂದೆ ಓದಿಸಿ. ಖಾಲಿ ಪುಟಕ್ಕೆ ಯಾರೂ ಸಹಿ ಹಾಕಬೇಡಿ! 1881ರಲ್ಲಿ ದಿವಾನ್ ರಂಗಾಚಾರ್ಲು ಕಾಲಕ್ಕೆ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾದಾಗ ಊರಿನವರು ಅಹವಾಲು ಹೇಳಬಹುದಿತ್ತು ಅಷ್ಟೇ, ತೀರ್ಮಾನ ಸರ್ಕಾರದ್ದು. 1938ರಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ನಿಷೇಧ ಮೀರಿ ಬಾವುಟ ಹಾರಿಸಿ ಜೈಲಿಗೆ ಹೋದವರು, 1947ರ ಮೈಸೂರು ಚಲೋ ಚಳವಳಿಯಲ್ಲಿ ಬೀದಿಗಿಳಿದವರು ಕೇಳಿದ್ದು ಆ ತೀರ್ಮಾನದ ಹಕ್ಕನ್ನೇ. ಅದು ಕೈಯಲ್ಲಿದ್ದೂ ಇವತ್ತು ಗ್ರಾಮಸಭೆಗೆ ಜನ ಬರಲ್ಲ ಅಂದರೆ ಹೊಟ್ಟೆ ಉರಿಯುತ್ತದೆ.

ಇದೆಲ್ಲಕ್ಕಿಂತ ಕಷ್ಟದ್ದು ಒಂದಿದೆ. ನೀವು ಓಟು ಹಾಕಿ ಗೆಲ್ಲಿಸಿದವರ ತಪ್ಪನ್ನು ನೀವೇ ಮೊದಲು ಕೇಳಬೇಕು. ಎದುರು ಪಾರ್ಟಿಯವರು ಕೇಳಿದರೆ "ಅವರಿಗೆ ಹೊಟ್ಟೆಕಿಚ್ಚು" ಅಂತ ತಳ್ಳಿಹಾಕಬಹುದು, ಆದರೆ ಬೂತಿನಲ್ಲಿ ಕೂತು ಕೆಲಸ ಮಾಡಿದವರೇ ಬಂದು ಅಣ್ಣಾ ಈ ಬಿಲ್ಲು ತೋರಿಸಿ ಅಂದರೆ ಯಾವ ಸದಸ್ಯನೂ ಸುಮ್ನೆ ಇರಲಾರ. ನಮ್ಮ ಕಡೆ ಇದಕ್ಕೆ ಅಡ್ಡ ಬರುವುದು ಮುಲಾಜು. ನಮ್ಮೋನು, ನಮ್ಮ ಜಾತಿಯವನು, ಮದುವೆಗೆ ಬಂದು ಮುಯ್ಯಿ ಮಾಡಿದವನು. ಈ ಮುಲಾಜು ಬಿಡದೆ ಬೇರೆ ಯಾವ ದಾರಿಯೂ ಕೆಲಸ ಮಾಡಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕಾನೂನೇ ತಪ್ಪಾಗಿದ್ದರೆ? ಅದನ್ನೂ ತಿದ್ದಿದ್ದೇವೆ. 1961ರ ಭೂಸುಧಾರಣಾ ಕಾಯ್ದೆಯಲ್ಲಿ ಧಣಿಗಳು ನುಸುಳಿಕೊಳ್ಳಲು ಬೇಕಾದಷ್ಟು ಸಂದುಗಳಿದ್ದವು. ಆಗ ಮುಖ್ಯಮಂತ್ರಿಯಾಗಿದ್ದ ಹುಣಸೂರಿನ ದೇವರಾಜ ಅರಸು 1974ರಲ್ಲಿ ಅದಕ್ಕೆ ತಿದ್ದುಪಡಿ ತಂದು ಉಳುತ್ತಿದ್ದ ಗೇಣಿದಾರರಿಗೆ ಭೂಮಿ ಸಿಗುವ ಹಾಗೆ ಮಾಡಿದರು. ಆದರೆ ಭೂಮಿ ಸಿಗಬೇಕಾದರೆ ಗೇಣಿದಾರ ಭೂ ನ್ಯಾಯಮಂಡಳಿಗೆ ಫಾರಂ ನಂಬರ್ 7 ಹಾಕಬೇಕಿತ್ತು. ಧಣಿಗೆ ಹೆದರಿ, ಮುಲಾಜಿಗೆ ಬಿದ್ದು ಹಾಕದವರು ಕಳೆದುಕೊಂಡರು. ಇತ್ತೀಚಿನದು ಬೇಕಾದರೆ, 2016ರಲ್ಲಿ ಎಸಿಬಿ ಅನ್ನುವ ಭ್ರಷ್ಟಾಚಾರ ನಿಗ್ರಹ ದಳ ಮಾಡಿ, ಲಂಚದ ಕೇಸು ತನಿಖೆ ಮಾಡುತ್ತಿದ್ದ ಲೋಕಾಯುಕ್ತದ ಹಲ್ಲು ಕಿತ್ತದ್ದು. ಮಾಡಿದ್ದು ಒಂದು ಪಕ್ಷದ ಸರ್ಕಾರ, ಆಮೇಲೆ ಬಂದವರೂ ಹಾಗೇ ಬಿಟ್ಟರು. ಕೆಲವರು ಕೋರ್ಟಿಗೆ ಹೋದದ್ದರಿಂದ 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನೇ ರದ್ದು ಮಾಡಿತು.

ಚುನಾವಣೆಯನ್ನೇ ನಡೆಸದಿರುವುದು ಎಲ್ಲಕ್ಕಿಂತ ದೊಡ್ಡ ತಪ್ಪು. 1987ರಲ್ಲಿ ಪಂಚಾಯಿತಿ ಖಾತೆಯ ಮಂತ್ರಿಯಾಗಿದ್ದ ಗುಂಡ್ಲುಪೇಟೆಯ ನಜೀರ್ ಸಾಬರ ಶ್ರಮದಿಂದ ಜಿಲ್ಲಾ ಪರಿಷತ್ತಿಗೆ ಚುನಾವಣೆ ಮಾಡಿ ದೇಶಕ್ಕೇ ದಾರಿ ತೋರಿಸಿದ ರಾಜ್ಯ ನಮ್ಮದು. ಅದೇ ರಾಜ್ಯದಲ್ಲಿ 2021ರಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನದಲ್ಲೇ ಇದೆ. ಓಟು ಕೇಳಲು ಬಂದ ಪ್ರತಿಯೊಬ್ಬರಿಗೂ ಇದನ್ನೇ ಮೊದಲ ಪ್ರಶ್ನೆಯಾಗಿ ಇಡಿ.

ಹಾಗೆ ಬಂದವರು ನಾಮಪತ್ರದ ಜೊತೆ ಕೊಟ್ಟ ಪ್ರಮಾಣಪತ್ರದಲ್ಲಿ ಅವರ ಆಸ್ತಿ, ಸಾಲ, ಕೇಸುಗಳ ವಿವರ ಇರುತ್ತದೆ. ವಿಧಾನಸಭೆ, ಲೋಕಸಭೆ ಚುನಾವಣೆಯದ್ದಾದರೆ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲೇ ಸಿಗುತ್ತದೆ, ಇಳಿಸಿಕೊಂಡು ನಾಲ್ಕು ಜನರ ಮುಂದೆ ಓದಿ. ಮನೆಯಲ್ಲಿ 18 ತುಂಬಿದವರಿದ್ದರೆ ಮತದಾರರ ಪಟ್ಟಿಗೆ ಸೇರಿಸಲು ಫಾರಂ 6, ಹೆಸರು ತಪ್ಪಿದ್ದರೆ ಅಥವಾ ಮನೆ ಬದಲಾಗಿದ್ದರೆ ಫಾರಂ 8, ಈಗಲೇ ಬಿಎಲ್ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೈಗೆ ಕೊಡಿ. ಅರ್ಜಿ ಕೊಟ್ಟ ಮೇಲೆ ಪಟ್ಟಿಯಲ್ಲಿ ಹೆಸರು ಬಂತಾ ಅಂತ ಖುದ್ದಾಗಿ ನೋಡಿಕೊಳ್ಳಿ.