ಶಿಫ್ಟ್ ಶುರುವಾದ ಕೂಡಲೇ ಹೊದಿಕೆ ಸರಿಸಿ ನೋಡಿ

ಹೊಸ ನರ್ಸ್‌ಗಳಿಗೆ ನಾನು ಮೊದಲು ಹೇಳುವುದು ಇದು: ಹ್ಯಾಂಡೋವರ್, ಅಂದರೆ ಹಿಂದಿನ ಶಿಫ್ಟ್‌ನವರು ಒಪ್ಪಿಸುವ ರೋಗಿಯ ವಿವರ, ಹಾಸಿಗೆ ಪಕ್ಕದಲ್ಲೇ ನಿಂತು ತೆಗೆದುಕೊಳ್ಳಿ. ದೂರ ಕುಳಿತು ಕೇಳಿದರೆ ಊದಿದ ಕೈ ಕಾಣಿಸುವುದಿಲ್ಲ. ನನಗೆ ಒಮ್ಮೆ ಹಾಗಾಗಿದೆ. ಚಾರ್ಟ್‌ನಲ್ಲಿ ಎಲ್ಲ ಸರಿಯಿತ್ತು. ಹೊದಿಕೆ ಸರಿಸಿದರೆ, ಡ್ರಿಪ್ ಹಾಕಿದ್ದ ಅಜ್ಜಿಯ ಮಣಿಕಟ್ಟು ಬಿಗಿದು ತಣ್ಣಗಾಗಿತ್ತು. ಸಲೈನ್ ರಕ್ತನಾಳದಿಂದ ಹೊರಗೆ ಸೋರುತ್ತಿತ್ತು. ತಕ್ಷಣ ನಿಲ್ಲಿಸಿ, ಸೂಜಿ ತೆಗೆದು, ಕೈಯನ್ನು ದಿಂಬಿನ ಮೇಲೆ ಎತ್ತರಿಸಿಟ್ಟೆ. ಅಂದಿನಿಂದ ಹೊದಿಕೆ ಸರಿಸದೆ ಸಹಿ ಹಾಕುವುದಿಲ್ಲ.

ಆಮೇಲೆ ಜ್ವರ, ಬಿಪಿ, ನಾಡಿ ನೋಡಿ. ಉಸಿರನ್ನು ಮಾತ್ರ ಪೂರ್ತಿ 1 ನಿಮಿಷ ಎಣಿಸಿ. ಸುಮ್ನೆ 18 ಅಂತ ಬರೆಯಬೇಡಿ! ದೊಡ್ಡವರಿಗೆ ಸಾಮಾನ್ಯವಾಗಿ 12ರಿಂದ 20 ಇರುತ್ತದೆ. ನಾಡಿ ಹಿಡಿದ ಕೈ ಹಾಗೇ ಇಟ್ಟುಕೊಂಡು ಎದೆ ಏರಿಳಿಯುವುದನ್ನು ಗಮನಿಸಿ. ಎಣಿಸುತ್ತಿದ್ದೀರಿ ಅಂತ ಗೊತ್ತಾದರೆ ಅವರ ಉಸಿರಾಟವೇ ಬದಲಾಗುತ್ತದೆ. ರೋಗಿಯ ಸ್ಥಿತಿ ಕೆಡುವಾಗ ಎಷ್ಟೋ ಸಲ ಬಿಪಿ ಇಳಿಯುವ ಮೊದಲೇ ಉಸಿರು ಜಾಸ್ತಿಯಾಗಿರುತ್ತದೆ.

ಔಷಧಿ ಕೊಡುವಾಗ ಹೆಸರು ನೀವೇ ಹೇಳಿ "ಅಲ್ವಾ?" ಅನ್ನಬೇಡಿ. ಮಂಪರಿನಲ್ಲಿರುವವರು ಯಾವ ಹೆಸರಿಗೂ ಹೂಂ ಅಂದುಬಿಡುತ್ತಾರೆ. "ನಿಮ್ಮ ಹೆಸರೇನು?" ಅಂತ ಕೇಳಿ, ಕೈಪಟ್ಟಿ ನೋಡಿ. ಔಷಧಿ, ಪ್ರಮಾಣ, ಕೊಡುವ ದಾರಿ (ಬಾಯಿಯಿಂದಲೋ ಸೂಜಿಯಿಂದಲೋ), ಸಮಯ, ಅಲರ್ಜಿ ಎಲ್ಲ ನೋಡಿಕೊಳ್ಳಿ. ಕೊಟ್ಟ ಮೇಲೆಯೇ ಬರೆಯಿರಿ, ಮುಂಚೆ ಅಲ್ಲ.

ತಾವಾಗಿ ಹೊರಳಲು ಆಗದವರಿಗೆ ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಹಿಮ್ಮಡಿ, ಸೊಂಟದ ಹಿಂಭಾಗ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದಾಗ ಬಿಳಿಚದಿದ್ದರೆ ಹುಣ್ಣು ಶುರುವಾಗುತ್ತಿದೆ ಎಂದರ್ಥ. ತಿಕ್ಕಬೇಡಿ. ಭಾರ ಬೀಳದಂತೆ ಮಲಗಿಸಿ, ಹಿರಿಯ ಸಿಸ್ಟರ್‌ಗೆ ಆಗಲೇ ತಿಳಿಸಿ.

ಪ್ರತಿ ಸಲ ಹಾಸಿಗೆ ಬಿಟ್ಟು ಹೊರಡುವಾಗ ಕರೆಗಂಟೆ ಅವರ ಕೈಗೆ ಎಟುಕುತ್ತದೆಯೇ ನೋಡಿ.