ಹಳೆಯ ಮದ್ಯದ ಜಾಹೀರಾತು: ಅಸಲಿಯೇ, ಯಾವ ಕಾಲದ್ದು, ಅದರ ‘ಆರೋಗ್ಯ’ದ ಮಾತು ಎಷ್ಟು ನಿಜ

ಐರ್ಲೆಂಡಿನ ಕಪ್ಪು ಬಿಯರ್ ಗಿನ್ನೆಸ್‌ನ ‘ಗಿನ್ನೆಸ್ ನಿಮಗೆ ಒಳ್ಳೆಯದು’ ಎಂಬ ಪೋಸ್ಟರನ್ನು ಬೆಂಗಳೂರಿನಲ್ಲಿ ಪಬ್‌ಗೆ ಹೋಗದವರೂ ಎಲ್ಲಾದರೂ ನೋಡಿರುತ್ತಾರೆ. ಕೊಳ್ಳುವವರು ಚಿತ್ರಕ್ಕೆ ದುಡ್ಡು ಕೊಟ್ಟು, ಕೆಳಗಿನ ಸಣ್ಣಕ್ಷರವನ್ನು ಓದದೆ ಗೋಡೆಗೆ ತೂಗುಹಾಕಿಬಿಡುತ್ತಾರೆ. ಇಂಥ ಜಾಹೀರಾತಿನ ಬೆಲೆಯೆಲ್ಲ ಇರುವುದು ಆ ಸಣ್ಣಕ್ಷರದಲ್ಲಿ: ಯಾರು ಕುಡಿಯಬೇಕು, ದಿನಕ್ಕೆ ಎಷ್ಟು, ಯಾವ ಕಾಯಿಲೆಗೆ. ಅದನ್ನು ಲೆಕ್ಕ ಹಾಕಿ ಓದುವ ಕ್ರಮ ಇಲ್ಲಿದೆ. ಅದಕ್ಕೂ ಮೊದಲು, ಕೈಯಲ್ಲಿರುವ ಕಾಗದ ನಿಜಕ್ಕೂ ಹಳೆಯದೇ ಎಂದು ತಿಳಿಯಬೇಕು.

ಹುಡುಕಲು ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳು, ಚಿಕ್ಕಪೇಟೆ ಕಡೆಯ ಸಂಡೇ ಬಜಾರ್, ಚರ್ಚ್ ಸ್ಟ್ರೀಟಿನ ಸುತ್ತಮುತ್ತ ಸಾಕು. ಬಿಡಿ ಪೋಸ್ಟರ್ ಕೇಳಬೇಡಿ, ಹಳೆಯ ವಾರಪತ್ರಿಕೆಗಳ ಬೈಂಡ್ ಕೇಳಿ. ಜಾಹೀರಾತು ಹೆಚ್ಚಾಗಿ ಹಿಂರಟ್ಟಿನಲ್ಲಿರುತ್ತದೆ, ಒಳಪುಟಗಳಲ್ಲಿ ಸಂಚಿಕೆಯ ತಾರೀಖೂ ಸಿಗುತ್ತದೆ. ಜೇಬಿನಲ್ಲಿ ಮೂರು ವಸ್ತು ಇರಲಿ: 10 ಪಟ್ಟು ಹಿಗ್ಗಿಸುವ ಪುಟ್ಟ ಭೂತಗನ್ನಡಿ (ಲೂಪ್), ಸಣ್ಣ ಅಯಸ್ಕಾಂತ, 365 ನ್ಯಾನೊಮೀಟರ್‌ನ ಯುವಿ ಟಾರ್ಚ್. ಟಾರ್ಚ್ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ. ಅಗ್ಗಕ್ಕೆ ಸಿಗುವ 395ರದ್ದು ಬೇಡ. ಅದರ ನೇರಳೆ ಬೆಳಕೇ ಜೋರಾಗಿ, ಕಾಗದದ ಹೊಳಪು ಗೊತ್ತಾಗುವುದಿಲ್ಲ.

ಟಾರ್ಚ್ ಬಿಟ್ಟಾಗ ಕಾಗದ ನೀಲಿ ಬೆರೆತ ಬಿಳಿಯಾಗಿ ಹೊಳೆದರೆ ಅದರಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕವಿದೆ ಎಂದರ್ಥ. ಅದು ಕಾಗದಕ್ಕೆ ಬಂದದ್ದು ಸುಮಾರು 1950ರ ಹೊತ್ತಿಗೆ. ಹಾಗಾಗಿ 1930ರದ್ದೆಂದು ಮಾರುವ ಪೋಸ್ಟರ್ ಹೊಳೆದರೆ ಕೆಳಗಿಡಿ. ಹೊಳೆಯದಿದ್ದ ಮಾತ್ರಕ್ಕೆ ಅಸಲಿಯೂ ಅಲ್ಲ, ಟೀ ಡಿಕಾಕ್ಷನ್ನಿನಲ್ಲಿ ಅದ್ದಿದ ಕಾಗದವೂ ಮಂಕಾಗಿರುತ್ತದೆ. ಆಗ ಲೂಪ್ ಹಿಡಿಯಿರಿ. ಹಳೆಯ ಕಲ್ಲಚ್ಚಿನಲ್ಲಿ (ಲಿಥೊಗ್ರಾಫ್) ಚುಕ್ಕಿಗಳು ಒಂದೊಂದು ಗಾತ್ರಕ್ಕಿದ್ದು, ಅಂಚಿನಲ್ಲಿ ಒಂದು ಬಣ್ಣ ಇನ್ನೊಂದರ ಮೇಲೆ ಸ್ವಲ್ಪ ಜಾರಿರುತ್ತದೆ. ಈಚಿನ ಆಫ್‌ಸೆಟ್ ಮುದ್ರಣದಲ್ಲಿ ನಾಲ್ಕು ಬಣ್ಣದ ಚುಕ್ಕಿ ಸೇರಿ ಪುಟ್ಟ ಹೂವಿನ ಆಕಾರ ಕಾಣುತ್ತದೆ. ಇಂಕ್‌ಜೆಟ್ ಆಗಿದ್ದರೆ ಅಕ್ಷರದ ಅಂಚಿನಲ್ಲೂ ತುಂತುರು. ಮೋಸ ಬಯಲಾಗುವುದು ಹೆಚ್ಚಾಗಿ ಅಕ್ಷರದಲ್ಲೇ: ಅಸಲಿಯಲ್ಲಿ ಕಪ್ಪಕ್ಷರ ಗಟ್ಟಿ ಕಪ್ಪು, ಸ್ಕ್ಯಾನ್ ಮಾಡಿ ಅಚ್ಚಾದದ್ದರಲ್ಲಿ ಆ ಕಪ್ಪೇ ಚುಕ್ಕಿಚುಕ್ಕಿ.

ಎನಾಮಲ್ ಫಲಕ, ಅಂದರೆ ಕಬ್ಬಿಣದ ತಗಡಿನ ಮೇಲೆ ಗಾಜಿನಂಥ ಬಣ್ಣ ಸುಟ್ಟ ಜಾಹೀರಾತು ಫಲಕವಾದರೆ ಅಯಸ್ಕಾಂತ ಅಂಟಬೇಕು. ಬೆರಳಾಡಿಸಿದರೆ ಒಂದು ಬಣ್ಣದಿಂದ ಇನ್ನೊಂದಕ್ಕೆ ಸಣ್ಣ ಮೆಟ್ಟಿಲು ಸಿಗಬೇಕು, ಏಕೆಂದರೆ ಪ್ರತಿ ಬಣ್ಣವನ್ನೂ ಬೇರೆಬೇರೆಯಾಗಿ ಕುಲುಮೆಯಲ್ಲಿ ಸುಟ್ಟಿರುತ್ತಾರೆ. ಮೊಳೆಯ ತೂತಿನ ಸುತ್ತ ಗಾಜಿನಂಥ ಪದರ ಎದ್ದು, ಒಳಗಿನ ಕಬ್ಬಿಣ ಕಪ್ಪು ಕಂದಾಗಿದ್ದರೆ ಸಹಜ. ಫಲಕದ ತುಂಬ ಒಂದೇ ಹದದ ಕಿತ್ತಳೆ ತುಕ್ಕಿದ್ದರೆ ಆಸಿಡ್ ಹಾಕಿ ‘ಹಳತು’ ಮಾಡಿದ್ದು.

ಕಾಲ ಹಿಡಿಯಲು ವಿಳಾಸ ಮತ್ತು ಬೆಲೆ ನೋಡಿ. ‘ಸಿ ಅಂಡ್ ಎಂ ಸ್ಟೇಷನ್ (ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್, ಬ್ರಿಟಿಷರ ದಂಡು ಪ್ರದೇಶ), ಬೆಂಗಳೂರು’ ಎಂದಿದ್ದರೆ 1947ಕ್ಕೂ ಹಿಂದಿನದು. ಆ ವರ್ಷ ದಂಡು ಪ್ರದೇಶ ಮೈಸೂರಿಗೆ ಮರಳಿತು. ರೂಪಾಯಿ-ಆಣೆ-ಪೈ ಲೆಕ್ಕ 1957ರ ಮಾರ್ಚ್‌ವರೆಗೆ, ನಯಾಪೈಸೆ ಅಲ್ಲಿಂದ 1964ರವರೆಗೆ. ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು, ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್‌ಗಿಂತ ಮುಂಚಿನದು. ₹ ಚಿಹ್ನೆ ಹುಟ್ಟಿದ್ದು 2010ರಲ್ಲಿ. ಅದನ್ನು ಹೊತ್ತ ‘ಪುರಾತನ’ ಫಲಕಗಳೂ ಮಾರಾಟಕ್ಕೆ ಬರುತ್ತವೆ. ಭಾರತದ ಜಾಹೀರಾತಿನಲ್ಲಿ ರೋಗದ ಹೆಸರು ಹಿಡಿದೇ ಗುಣವಾಗುತ್ತದೆ ಎಂದಿದ್ದರೆ, 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಗಿಂತ ಹಿಂದಿನದಿರಬಹುದು. ಕಾಯ್ದೆ ಮೀರಿದವರೂ ಇದ್ದಾರೆ, ಆದ್ದರಿಂದ ಇದನ್ನು ಸುಳಿವೆಂದು ಮಾತ್ರ ಇಟ್ಟುಕೊಳ್ಳಿ.

ಈಗ ಆರೋಗ್ಯದ ಮಾತಿಗೆ ಬರೋಣ. ಮೊದಲು ಜಾಹೀರಾತು ಹೇಳುವ ಪ್ರಮಾಣವನ್ನು ಗ್ರಾಂಗೆ ಇಳಿಸಿ. ಸೂತ್ರ ಸರಳ: ಮಿಲಿಲೀಟರ್ × ಮದ್ಯಸಾರದ ಶೇಕಡಾವಾರು ÷ 100 × 0.789. ಹಳೆಯ ಔಷಧದಳತೆಯಲ್ಲಿ ‘ಒಂದು ವೈನ್ ಗ್ಲಾಸ್’ ಎಂದರೆ ಎರಡು ಔನ್ಸ್, ಹತ್ತಿರ ಹತ್ತಿರ 60 ಮಿಲಿ. ಶೇ. 17ರ ಟಾನಿಕ್ ವೈನನ್ನು ದಿನಕ್ಕೆ ಮೂರು ಗ್ಲಾಸ್ ಎಂದಿದ್ದರೆ 180 ಮಿಲಿ, ಅಂದರೆ 24 ಗ್ರಾಂ ಮದ್ಯಸಾರ. ಇಂದಿನ ಶೇ. 42.8ರ ವಿಸ್ಕಿಯ 30 ಮಿಲಿ ಪೆಗ್ಗಿನಲ್ಲಿರುವುದು 10 ಗ್ರಾಂ. ರೋಗಿಗೆ ‘ಶಕ್ತಿ’ಯ ಹೆಸರಲ್ಲಿ ದಿನವೂ ಎರಡು ಪೆಗ್ಗಿಗಿಂತ ಹೆಚ್ಚು ಕುಡಿಸುತ್ತಿದ್ದರು ಎಂಬುದು ಈ ಒಂದು ಗುಣಾಕಾರದಿಂದ ಬಯಲಾಗುತ್ತದೆ.

ಲೆಕ್ಕ ತಪ್ಪುವುದು ಪ್ರೂಫ್‌ನಲ್ಲಿ, ಅಂದರೆ ಮದ್ಯಸಾರದ ಪ್ರಮಾಣ ಹೇಳುವ ಹಳೆಯ ಅಳತೆಯಲ್ಲಿ. ಬ್ರಿಟಿಷ್ ಪದ್ಧತಿಯಲ್ಲಿ 100 ಪ್ರೂಫ್ ಎಂದರೆ ಶೇ. 57.1, ಅದನ್ನು 1.75ರಿಂದ ಭಾಗಿಸಬೇಕು. ಅಮೆರಿಕದ್ದನ್ನು 2ರಿಂದ. ನಮ್ಮ ಬಾಟಲಿಗಳ ಮೇಲಿನ 75 ಪ್ರೂಫ್, ಅಥವಾ 25 ಯು.ಪಿ. (ಅಂಡರ್ ಪ್ರೂಫ್, 100ಕ್ಕಿಂತ 25 ಕಡಿಮೆ), ಬ್ರಿಟಿಷ್ ಲೆಕ್ಕದ್ದು, ಇಂದಿನ 42.8 ಬಂದದ್ದೂ ಅಲ್ಲಿಂದಲೇ. ಅಮೆರಿಕದ ಲೆಕ್ಕ ಹಾಕಿದರೆ 37.5 ಬಂದುಬಿಡುತ್ತದೆ.

ಎರಡನೆಯದು, ಬಾಟಲಿಯಲ್ಲಿ ಮದ್ಯದ ಜೊತೆ ಇನ್ನೇನಿತ್ತು ಎಂಬುದು. 1863ರಲ್ಲಿ ಬಂದ ಫ್ರಾನ್ಸಿನ ವಿನ್ ಮಾರಿಯಾನಿ ದಣಿವು ಕಳೆಯುತ್ತದೆ ಎಂದದ್ದು ಸುಳ್ಳಲ್ಲ. ಬೋರ್ಡೊ ವೈನಿನಲ್ಲಿ ಕೋಕಾ ಎಲೆ ನೆನೆಹಾಕಿದ್ದರಿಂದ ಪ್ರತಿ ಔನ್ಸಿಗೆ ಸುಮಾರು 6 ಮಿಲಿಗ್ರಾಂ ಕೊಕೇನ್ ಸೇರುತ್ತಿತ್ತು. ಪೋಪ್ ಹದಿಮೂರನೇ ಲಿಯೋ ಕೊಟ್ಟ ಚಿನ್ನದ ಪದಕವನ್ನು ಕಂಪನಿ ಜಾಹೀರಾತಿನಲ್ಲಿ ಮೆರೆಸಿತು. ಅಮೆರಿಕದ ಲಿಡಿಯಾ ಪಿಂಕ್‌ಹ್ಯಾಮ್ ಹೆಸರಿನ ‘ಸಸ್ಯಜನ್ಯ’ ಸ್ತ್ರೀ ಔಷಧದಲ್ಲಿ ಶೇ. 18ರ ಆಸುಪಾಸು ಮದ್ಯಸಾರವಿತ್ತು. ಗಿಡಮೂಲಿಕೆ ಕೆಡದಿರಲಿ ಎಂದಷ್ಟೇ ಹಾಕಿದ್ದೇವೆ ಎಂದು ಕಂಪನಿ ಹೇಳುತ್ತಿತ್ತು. ಹಳೆಯ ಕನ್ನಡ ಪತ್ರಿಕೆಗಳಲ್ಲಿ ದ್ರಾಕ್ಷಾಸವ, ಅರಿಷ್ಟಗಳ ಜಾಹೀರಾತು ಸಿಕ್ಕರೆ ಬೇರೆ ಕಡತದಲ್ಲಿಡಿ. ಅವುಗಳಲ್ಲಿ ಹುದುಗಿನಿಂದ ತಾನಾಗಿ ಹುಟ್ಟಿದ ಮದ್ಯಸಾರವಿರುತ್ತದೆ, ಹೊರಗಿನಿಂದ ಬೆರೆಸಿದ್ದಲ್ಲ.

ಮೂರನೆಯದು, ಸಾಕ್ಷಿ ಯಾರು? ವಿನ್‌ಕಾರ್ನಿಸ್ ಟಾನಿಕ್ ವೈನ್ ಹತ್ತು ಸಾವಿರಕ್ಕೂ ಹೆಚ್ಚು ವೈದ್ಯರ ಶಿಫಾರಸು ಇದೆ ಎಂದು ಸಾರುತ್ತಿತ್ತು. ಇಂಥ ಕಡೆ ವೈದ್ಯರ ಹೆಸರು, ಊರು, ಯಾವ ರೋಗಿಗೆ ಏನಾಯಿತು ಎಂಬುದು ಇದೆಯೇ ನೋಡಿ. ಸಂಖ್ಯೆಯೊಂದೇ ಇದ್ದರೆ ಸಾಕ್ಷಿ ಇಲ್ಲವೆಂದೇ ಬರೆದುಕೊಳ್ಳಿ. ಸರ್ಕಾರದ ಹೆಸರೂ ಹೀಗೆಯೇ. ಅಮೆರಿಕದ ಡಫಿ ಮಾಲ್ಟ್ ವಿಸ್ಕಿ ತನ್ನನ್ನು ಸರ್ಕಾರವೇ ಔಷಧವೆಂದು ಒಪ್ಪಿದೆ ಎಂದು ಸಾರಿತು. ನಡೆದದ್ದಿಷ್ಟು: 1898ರಲ್ಲಿ ಸ್ಪೇನ್ ವಿರುದ್ಧದ ಯುದ್ಧಕ್ಕೆಂದು ಹಾಕಿದ ತೆರಿಗೆಯಲ್ಲಿ ಅದರ ಮೇಲೆ ಔಷಧದ ಲೆಕ್ಕದಲ್ಲಿ ತೆರಿಗೆ ಬಿತ್ತು.

ಕೊನೆಗೆ ಮಾತನ್ನು ದೇಹದ ಕೆಲಸಕ್ಕೆ ಹಿಡಿದು ನೋಡಿ. 1929ರ ಗಿನ್ನೆಸ್ ಜಾಹೀರಾತು ಬಲ, ನರ, ಜೀರ್ಣಶಕ್ತಿ, ದಣಿವು, ನಿದ್ರೆ ಎಲ್ಲಕ್ಕೂ ಒಳ್ಳೆಯದು ಎಂದಿತ್ತು, ರಕ್ತ ಹೆಚ್ಚಿಸುತ್ತದೆ ಎಂದೂ. ಒಂದು ಪಿಂಟ್, ಅಂದರೆ 568 ಮಿಲಿಯಲ್ಲಿ ಕಬ್ಬಿಣ 1 ಮಿಲಿಗ್ರಾಂ ಕೂಡ ಇಲ್ಲ. 100 ಗ್ರಾಂ ರಾಗಿಯಲ್ಲಿ 4 ಮಿಲಿಗ್ರಾಂಗೂ ಹೆಚ್ಚು. ಮದ್ಯ ಬೇಗ ಜೋಂಪು ತರಿಸುತ್ತದೆ, ಆದರೆ ರಾತ್ರಿಯ ಎರಡನೇ ಅರ್ಧದ ನಿದ್ದೆ ಕೆಡಿಸುತ್ತದೆ. ಚಳಿಗೆ ಬ್ರಾಂದಿ ಬಿಸಿ ಎನಿಸುವುದು ಚರ್ಮದ ರಕ್ತನಾಳ ಹಿಗ್ಗಿದ್ದಕ್ಕೆ. ಒಳಗಿನ ಶಾಖ ಅದೇ ದಾರಿಯಲ್ಲಿ ಹೊರಹೋಗುತ್ತದೆ. ಬಾಣಂತಿಗೆ ಸ್ಟೌಟ್ (ಗಿನ್ನೆಸ್‌ನಂಥ ಕಪ್ಪು ಬಿಯರ್) ಕೊಟ್ಟರೆ ಹಾಲು ಹೆಚ್ಚುತ್ತದೆ ಎಂಬ ಮಾತು ಎಲ್ಲಕ್ಕಿಂತ ಕೆಟ್ಟದ್ದು. ಮದ್ಯಸಾರ ಹಾಲು ಇಳಿಯಲು ಬೇಕಾದ ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ತಡೆಯುತ್ತದೆ, ತಾಯಿಯ ರಕ್ತದಲ್ಲಿರುವಷ್ಟೇ ಹಾಲಿಗೂ ಸೇರುತ್ತದೆ. ಕೂಸಿನ ಕೆಮ್ಮಿಗೆ ಒಂದು ಹನಿ ಬ್ರಾಂದಿ, ಬಾಣಂತಿಗೆ ಒಂದು ಔನ್ಸ್ ಎನ್ನುವವರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಹಾಗಾಗಿ ಇಂಥ ಜಾಹೀರಾತನ್ನು ವಿವರಣೆಯಿಲ್ಲದೆ ಹಂಚಲೇಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯವನ್ನು ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು.

ಕಾಗದವನ್ನು ಲ್ಯಾಮಿನೇಟ್ ಮಾಡಿಸಬೇಡಿ, ಮತ್ತೆ ಬಿಡಿಸಲಾಗದು. ಸೆಲ್ಲೋಟೇಪೂ ಬೇಡ. ಪಿವಿಸಿ ಕವರ್ ಬಿಟ್ಟು ಪಾಲಿಯೆಸ್ಟರ್ ಕವರಿನಲ್ಲಿ, ಆಸಿಡ್ ಇಲ್ಲದ ರಟ್ಟಿನ ಆಸರೆ ಕೊಟ್ಟಿಡಿ. ಹರಿದಲ್ಲಿ 100 ಮಿಲಿ ನೀರಿಗೆ 4 ಗ್ರಾಂ ಮಿಥೈಲ್ ಸೆಲ್ಯುಲೋಸ್ ಕಲಸಿದ ಅಂಟು, ಮೇಲೆ ಜಪಾನಿ ಟಿಶ್ಯೂ ಎಂಬ ತೆಳು ಕಾಗದ. ಮೈದಾ ಅಂಟು ಹಾಕಿದರೆ ಹುಳ ಕರೆದಂತೆ. ಬೆಂಗಳೂರಿನ ಮಳೆಗಾಲದಲ್ಲಿ ಮುಚ್ಚಳ ಬಿಗಿಯಾದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಮತ್ತು ಪುಟ್ಟ ತೇವಮಾಪಕ ಇರಲಿ, ತೇವಾಂಶ ಶೇ. 45ರಿಂದ 55ರೊಳಗೆ ನಿಲ್ಲಬೇಕು. ಹುಳ ಬಿದ್ದಿದ್ದರೆ ಜಿಪ್ ಕವರಿನಲ್ಲಿ ಮುಚ್ಚಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಕವರ್ ಬಿಚ್ಚಬೇಡಿ, ಇಲ್ಲವಾದರೆ ಕಾಗದದ ಮೇಲೆ ನೀರು ಕೂರುತ್ತದೆ. ಎನಾಮಲ್ ಫಲಕಕ್ಕೆ ಹುಣಸೆಹುಳಿ, ನಿಂಬೆಹುಳಿ ತಾಗಿಸಲೇಬೇಡಿ: ಬಣ್ಣದ ಹೊಳಪು ಹೋಗುತ್ತದೆ, ಚಕ್ಕೆ ಎದ್ದ ಕಡೆ ತುಕ್ಕು ಹೆಚ್ಚುತ್ತದೆ. ಉಗುರು ಬೆಚ್ಚಗಿನ ನೀರು, ಒಂದು ಹನಿ ಸೋಪು, ಹತ್ತಿಬಟ್ಟೆ ಸಾಕು.

ಹಂಚುವ ಮುನ್ನ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಬರೆದವರ ಹೆಸರಿಲ್ಲದ ಜಾಹೀರಾತಿಗೆ ನಮ್ಮ ಕಾನೂನಿನಲ್ಲಿ ಪ್ರಕಟಣೆಯಿಂದ 60 ವರ್ಷ ಹಕ್ಕುಸ್ವಾಮ್ಯ, ಆದರೆ ಬ್ರ್ಯಾಂಡಿನ ಗುರುತು ಕಂಪನಿಯದೇ. ಟೀ ಶರ್ಟಿಗೆ ಅಚ್ಚು ಹಾಕಿ ಮಾರಲು ಹೋಗಬೇಡಿ. ಪ್ರತಿ ಜಾಹೀರಾತಿಗೂ ಒಂದು ಚೀಟಿ ಇರಲಿ: ಸಿಕ್ಕ ಜಾಗ, ಅಂದಾಜು ಕಾಲ ಮತ್ತು ಅದಕ್ಕೆ ಆಧಾರ, ಜಾಹೀರಾತಿನ ಮಾತು ಇದ್ದ ಹಾಗೆಯೇ, ದಿನದ ಪ್ರಮಾಣ ಗ್ರಾಂನಲ್ಲಿ, ಇಂದು ತಿಳಿದಿರುವ ಸತ್ಯ. ಪೆನ್ಸಿಲ್‌ನಲ್ಲಿ ಬರೆಯಿರಿ, ಹಿಂಬದಿಗೆ ಅಂಟಿಸಬೇಡಿ, ಕವರಿನಲ್ಲಿ ರಟ್ಟಿನ ಆಚೆ ಮಗ್ಗುಲಿಗೆ ಸೇರಿಸಿಡಿ.