ಪೆಲೆಟ್ ನೆಗ್ಗುತ್ತಿದ್ದದ್ದು ಎಲ್ಲಿ: ನನ್ನ ಅನುಭವ

ಕಳೆದ ಮಳೆಗಾಲದಲ್ಲಿ ನನ್ನ ಅಂಕಗಳು ಒಂದು ಕಡೆ ನಿಲ್ಲದೆ ಹೋದವು. ನಾನು ಹೊಡೆಯುವುದು 10 ಮೀಟರ್ ಏರ್ ರೈಫಲ್, ಅಂದರೆ ಗಾಳಿಯ ಒತ್ತಡದಿಂದ ಪೆಲೆಟ್ ಅನ್ನುವ ಸಣ್ಣ ಸೀಸದ ಗುಂಡನ್ನು ಹತ್ತು ಮೀಟರ್ ದೂರದ ಗುರಿಗೆ ಹೊಡೆಯುವ ಆಟ. ಎಂಟು ಹತ್ತು ಶಾಟ್ 10.3, 10.5 ಅಂತ ಚೆನ್ನಾಗಿ ಬರುತ್ತಿದ್ದವು. ಆಮೇಲೆ ಇದ್ದಕ್ಕಿದ್ದಂತೆ ಒಂದು 9.3. ಹಿಡಿತ ಸರಿ ಇತ್ತು, ಉಸಿರು ಸರಿ ಇತ್ತು, ಟ್ರಿಗರ್ ಎಳೆದದ್ದೂ ಮೆತ್ತಗೇ. ಈ ಆಟದಲ್ಲಿ ಹತ್ತರ ಚುಕ್ಕಿಯ ಅಗಲ ಬರೀ 0.5 ಮಿಲಿಮೀಟರ್. 0.1 ಅಂಕ ಅಂದರೆ ಕಾಲು ಮಿಲಿಮೀಟರ್. ಹಾಗಾಗಿ ಒಂದು ಪೂರ್ತಿ ಅಂಕ ಸುಮ್ನೆ ಹೋಗುವುದಿಲ್ಲ, ಅಲ್ವಾ?

ಮೊದಲು ಗಾಳಿಯ ಸಿಲಿಂಡರ್ ಮೇಲೆ ಅನುಮಾನ ಬಂತು. ಒತ್ತಡ ನೋಡಿದೆ, ಸರಿಯಾಗಿತ್ತು. ಗುರಿ ನೋಡುವ ಸೈಟ್‌ನ ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿದೆ. ಬ್ಯಾರೆಲ್ ಒರೆಸಿದೆ. ಒಂದು ತಿಂಗಳು ಹೀಗೇ ಕಳೆಯಿತು. ಒಂದು ದಿನ ರೇಂಜಿನಲ್ಲಿ ಹಿರಿಯರೊಬ್ಬರು ನನ್ನ ಪೆಲೆಟ್ ಡಬ್ಬಿಯನ್ನು ಕೈಗೆ ತೆಗೆದುಕೊಂಡು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಗಲಗಲ ಅಂದಿತು. "ಇದನ್ನ ಹೇಗೆ ತರ್ತೀರಿ?" ಅಂದರು. "ಸ್ಕೂಟರ್ ಡಿಕ್ಕಿಯಲ್ಲಿ ಸರ್" ಅಂದೆ. ಅವರು ಮುಚ್ಚಳ ತೆಗೆದು ನಾಲ್ಕು ಪೆಲೆಟ್‌ಗಳನ್ನು ಅಂಗೈ ಮೇಲೆ ಇಟ್ಟು ತೋರಿಸಿದರು. ಎರಡರ ಸ್ಕರ್ಟ್ ನೆಗ್ಗಿತ್ತು.

ಗೊತ್ತಿಲ್ಲದವರಿಗೆ ಇಲ್ಲೊಂದು ಮಾತು. 4.5 ಮಿಲಿಮೀಟರ್ ಪೆಲೆಟ್ ನೋಡಲು ಡಮರುವಿನ ಹಾಗಿರುತ್ತದೆ. ಮುಂದೆ ಚಪ್ಪಟೆ ತಲೆ, ನಡುವೆ ಸಣ್ಣ ಸೊಂಟ, ಹಿಂದೆ ಟೊಳ್ಳಾದ ಸ್ಕರ್ಟ್. ಆ ಸ್ಕರ್ಟಿನ ಅಂಚು ತುಂಬಾ ತೆಳು, ಅದೂ ಮೆತ್ತನೆಯ ಸೀಸ. ಗಾಳಿ ಹಿಂದಿನಿಂದ ತಳ್ಳಿದಾಗ ಈ ಅಂಚೇ ಬ್ಯಾರೆಲ್ಲಿನ ಗೋಡೆಗೆ ಕೂತು, ಗಾಳಿ ಪಕ್ಕದಿಂದ ಸೋರದ ಹಾಗೆ ತಡೆಯಬೇಕು. ಅಂಚು ಒಂದು ಕಡೆ ನೆಗ್ಗಿದ್ದರೆ ಅಲ್ಲಿಂದ ಗಾಳಿ ಸೋರುತ್ತದೆ. ಪೆಲೆಟ್ ಬ್ಯಾರೆಲ್ ಬಿಡುವಾಗ ಅದರ ಹಿಂಭಾಗಕ್ಕೆ ಒಂದೇ ಸಮನೆ ತಳ್ಳು ಸಿಗುವುದಿಲ್ಲ. ಸ್ಪ್ರಿಂಗ್ ಗನ್ನಿನಲ್ಲಿ ಗಾಳಿ ಜೋರಾಗಿ ಬಡಿಯುವುದರಿಂದ ಸಣ್ಣ ನೆಗ್ಗು ಎಷ್ಟೋ ಸಲ ತಾನೇ ಬಿಚ್ಚಿಕೊಳ್ಳುತ್ತದೆ. ಸ್ಪರ್ಧೆಗೆ ಬಳಸುವ ನಮ್ಮ ಮ್ಯಾಚ್ ರೈಫಲ್ಲಿನ ತಳ್ಳು ಮೆತ್ತಗೆ. ನೆಗ್ಗು ತಾನೇ ಬಿಚ್ಚಿಕೊಳ್ಳುತ್ತದೆ ಅಂತ ನಂಬಿಕೊಂಡು ಕೂರುವ ಹಾಗಿಲ್ಲ.

ಆದರೂ ನನಗೆ ಕಣ್ಣಾರೆ ನೋಡಬೇಕಿತ್ತು. ರೈಫಲ್ಲನ್ನು ಮರಳಿನ ಚೀಲದ ಮೇಲಿಟ್ಟು ನೆಗ್ಗಿದ ಹತ್ತು, ಚೆನ್ನಾಗಿರುವ ಹತ್ತು ಹೊಡೆದೆ. ಚೆನ್ನಾಗಿದ್ದವು ಒಂದೇ ತೂತಿನೊಳಗೆ ಹೋದವು. ನೆಗ್ಗಿದವುಗಳಲ್ಲಿ ಏಳು ಅಲ್ಲೇ ಬಂದವು, ಮೂರು ಪಕ್ಕಕ್ಕೆ ಹೋದವು. ಎಲ್ಲ ನೆಗ್ಗೂ ಕೆಡಿಸುವುದಿಲ್ಲ. ಅದಕ್ಕೇ ನಾನು ಇಷ್ಟು ದಿನ ಕಂಡುಹಿಡಿಯಲಾಗಲಿಲ್ಲ ಅನ್ನಿಸಿತು.

ಬೆಂಗಳೂರಿನ ಎಸ್.ಪಿ. ರೋಡಿನಿಂದ ಒಂದು ಭೂತಗನ್ನಡಿ ತಂದೆ. ಮನೆಯಲ್ಲಿ ಟೇಬಲ್ ಲ್ಯಾಂಪ್ ಕೆಳಗೆ ಕೂತು ಒಂದು ಡಬ್ಬಿ ಪೂರ್ತಿ ನೋಡಿದೆ. 500ರಲ್ಲಿ 68 ನೆಗ್ಗಿದ್ದವು. ನೆಗ್ಗುಗಳು ಒಂದೇ ತರಹ ಇರಲಿಲ್ಲ, ಸಣ್ಣದು ದೊಡ್ಡದು ಬೇರೆ ಬೇರೆ. ಪೆಲೆಟ್ ಪೆಲೆಟ್‌ಗೆ ತಾಗಿ ಆದದ್ದು. ಹೊಸ ಡಬ್ಬಿಯಲ್ಲಿ ಮೇಲೊಂದು ಫೋಮ್ ಬಿಲ್ಲೆ ಇರುತ್ತದೆ. ಅದನ್ನು ನಾನು ಮೊದಲ ದಿನವೇ ಎಸೆಯುತ್ತಿದ್ದೆ. ಡಬ್ಬಿ ಅರ್ಧ ಖಾಲಿಯಾದ ಮೇಲೆ ಒಳಗೆ ಜಾಗ ಜಾಸ್ತಿ. ವಿಜಯನಗರದಿಂದ ರೇಂಜಿನವರೆಗೆ ಎಷ್ಟು ಗುಂಡಿ, ಎಷ್ಟು ಹಂಪು! ಅಷ್ಟು ದೂರವೂ ಸೀಸ ಸೀಸಕ್ಕೆ ಬಡಿದುಕೊಂಡೇ ಬರುತ್ತಿತ್ತು.

ಫೋಮ್ ಹಾಳೆಯಿಂದ ದುಂಡಗೆ ನಾಲ್ಕು ಬಿಲ್ಲೆ ಕತ್ತರಿಸಿಟ್ಟುಕೊಂಡೆ. ಪೆಲೆಟ್ ಕಮ್ಮಿಯಾದ ಹಾಗೆ ಒಂದೊಂದೇ ಬಿಲ್ಲೆ ಸೇರಿಸುತ್ತೇನೆ. ಅಲ್ಲಾಡಿಸಿದರೆ ಸದ್ದು ಬರಬಾರದು. ಡಬ್ಬಿ ಈಗ ಡಿಕ್ಕಿಯಲ್ಲಿ ಅಲ್ಲ, ಬೆನ್ನಿನ ಬ್ಯಾಗಿನಲ್ಲಿ, ಟವೆಲ್ ಸುತ್ತಿ.

ಇದಾದ ಮೇಲೂ ಆಗೊಂದು ಈಗೊಂದು ಶಾಟ್ ಹೊರಗೆ ಹೋಗುತ್ತಿತ್ತು. ನನಗೆ ಅತಿ ಹೆಚ್ಚು ಕಲಿಸಿದ್ದು ಈ ಹಂತ. ಸಿಲಿಂಡರ್ ಬಿಚ್ಚಿ, ಉಳಿದ ಗಾಳಿಯನ್ನೂ ಪೂರ್ತಿ ಖಾಲಿ ಮಾಡಿ, ಮಾಮೂಲಿನಂತೆ ಪೆಲೆಟ್ ಹಾಕಿ, ಲಿವರ್‌ನಿಂದ ಬ್ರೀಚ್ (ಬ್ಯಾರೆಲ್ಲಿಗೆ ಪೆಲೆಟ್ ಹಾಕುವ ಹಿಂದಿನ ಬಾಯಿ) ಮುಚ್ಚಿದೆ. ಮತ್ತೆ ತೆಗೆದು, ಮುಂದಿನಿಂದ ಕ್ಲೀನಿಂಗ್ ರಾಡ್‌ನಲ್ಲಿ ಮೆಲ್ಲಗೆ ಹಿಂದಕ್ಕೆ ತಳ್ಳಿದೆ. ಹೀಗೆ ಹತ್ತು ಪೆಲೆಟ್ ತೆಗೆದು ನೋಡಿದರೆ ಮೂರರಲ್ಲಿ ಅಂಚು ನೆಗ್ಗಿತ್ತು. ಮೂರರಲ್ಲೂ ಬಲಗಡೆ, ಒಂದೇ ಜಾಗದಲ್ಲಿ. ಡಬ್ಬಿಯೊಳಗೆ ಆದ ನೆಗ್ಗು ಎಲ್ಲೆಂದರಲ್ಲಿ ಇರುತ್ತದೆ. ಒಂದೇ ಜಾಗದಲ್ಲಿದ್ದರೆ ಅದು ಪೆಲೆಟ್ ಹಾಕುವಾಗ ಆದದ್ದು. ನಾನು ಬಲಗೈ ಹೆಬ್ಬೆರಳಿನಿಂದ ಓರೆಯಾಗಿ ಒತ್ತುತ್ತಿದ್ದೆ. ಪೆಲೆಟ್ ನೇರ ಕೂರುವ ಮೊದಲೇ ಲಿವರ್ ಮುಚ್ಚುತ್ತಿದ್ದೆ. ಸ್ಪರ್ಧೆಯಲ್ಲಿ 60 ಶಾಟ್‌ಗೆ 75 ನಿಮಿಷ ಇರುತ್ತದೆ, ಅವಸರಕ್ಕೆ ಕಾರಣವೇ ಇರಲಿಲ್ಲ. ಈಗ ಪೆಲೆಟ್ಟಿನ ತಲೆ ಮುಂದೆ ಮಾಡಿ ಬೀಳಿಸಿ, ಬೆರಳ ತುದಿಯಿಂದ ನೇರ ತಳ್ಳಿ, ಒಮ್ಮೆ ನೋಡಿ ಮುಚ್ಚುತ್ತೇನೆ.

ನಡುವೆ ಒಂದು ತಪ್ಪು ಮಾಡಿದೆ. ಯಾರೋ ಹೇಳಿದರು ಅಂತ ಪೆಲೆಟ್‌ಗಳನ್ನು ಸೋಪಿನ ನೀರಿನಲ್ಲಿ ತೊಳೆದೆ. ಜರಡಿಯಲ್ಲಿ ಜಾಲಾಡಿಸುವಾಗ ಒಂದಕ್ಕೊಂದು ತಾಗಿ ಹೊಸ ನೆಗ್ಗುಗಳಾದವು. ಅದಕ್ಕಿಂತ ದೊಡ್ಡ ವಿಷಯ, ಸೀಸದ ನೀರು ಸಿಂಕಿಗೆ ಹೋಯಿತು. ದಯವಿಟ್ಟು ಅಡುಗೆಮನೆಯ ಜರಡಿ, ಪಾತ್ರೆ ಯಾವುದನ್ನೂ ಇದಕ್ಕೆ ಮುಟ್ಟಬೇಡಿ. ಸೀಸ ವಿಷ, ಮಕ್ಕಳಿಗಂತೂ ತುಂಬಾ ಕೆಟ್ಟದ್ದು. ಪೆಲೆಟ್ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಕಾಫಿ ಲೋಟ ಕೂಡ ಹಿಡಿಯಬೇಡಿ.

ನೆಗ್ಗು ತೆಗೆಯುವುದನ್ನೂ ಪ್ರಯತ್ನಿಸಿದೆ. ತುದಿ ದುಂಡಗಿರುವ ನಯವಾದ ಹಿತ್ತಾಳೆ ಕಡ್ಡಿಯನ್ನು ಸ್ಕರ್ಟಿನೊಳಗೆ ಇಟ್ಟು ಮೆಲ್ಲಗೆ ತಿರುಗಿಸಿದರೆ ಅಂಚು ದುಂಡಾಗುತ್ತದೆ. ಕಣ್ಣಿಗೆ ಹೊಸದರ ಹಾಗೇ ಕಾಣುತ್ತದೆ. ಹೊಡೆದರೆ ಕೆಲವು ಒಳಗೆ, ಕೆಲವು ಹೊರಗೆ. ಅವನ್ನು ಬೇರೆ ಡಬ್ಬಿಯಲ್ಲಿ ಹಾಕಿ, ಬಿಳಿ ಕಾಗದಕ್ಕೆ ಹೊಡೆದು ಟ್ರಿಗರ್ ಅಭ್ಯಾಸ ಮಾಡಲು ಇಟ್ಟುಕೊಂಡಿದ್ದೇನೆ. ಸ್ಪರ್ಧೆಗೆ ಅವು ಬೇಡ.

ಆರಿಸಲು ಭೂತಗನ್ನಡಿಗಿಂತ ಬೇಗ ಆಗುವ ದಾರಿ ಒಂದು ಸಿಕ್ಕಿತು. ಗಾಜಿನ ಹಲಗೆಯನ್ನು ಸ್ವಲ್ಪ ಓರೆ ಇಟ್ಟು ಪೆಲೆಟ್ ಉರುಳಿಸುವುದು. ಸ್ಕರ್ಟ್ ತಲೆಗಿಂತ ಅಗಲ, ಹಾಗಾಗಿ ಚೆನ್ನಾಗಿರುವುದು ಕಮಾನಿನ ಹಾಗೆ ಬಾಗಿ ನಯವಾಗಿ ಉರುಳುತ್ತದೆ. ನೆಗ್ಗಿದ್ದು ಕುಂಟುತ್ತದೆ. ಕೆಳಗೆ ಚಿಕ್ಕಪೇಟೆಯಿಂದ ತಂದ ವೆಲ್ವೆಟ್ ತುಂಡು ಹಾಸಿದ್ದೇನೆ, ಬಿದ್ದಾಗ ಪೆಟ್ಟಾಗಬಾರದಲ್ಲ. ಭಾನುವಾರ ಬೆಳಿಗ್ಗೆ ಅರ್ಧ ಗಂಟೆಯಲ್ಲಿ ವಾರಕ್ಕೆ ಬೇಕಾದಷ್ಟು ಆರಿಸಿಕೊಳ್ಳುತ್ತೇನೆ. ಹೋದ ವಾರ ಮುಗಿದ ಡಬ್ಬಿಯಲ್ಲಿ ಪಕ್ಕಕ್ಕೆ ತೆಗೆದದ್ದು 14. 9.3 ಈಗಲೂ ಬರುತ್ತದೆ. ಬಂದರೆ ರೈಫಲ್ ಕೆಳಗಿಳಿಸಿ, ಕಾಲು ಇಟ್ಟಿರುವ ರೀತಿಯನ್ನು ಮೊದಲು ನೋಡಿಕೊಳ್ಳುತ್ತೇನೆ.